ಗೋಡೆಯ ಮೇಲೆ ನಿಂತ ಮೆರವಣಿಗೆ

ನಂಜನಗೂಡಿನ ದೊಡ್ಡ ಜಾತ್ರೆಗೆ ಬಿಳಿಗೆರೆ, ತಿರುಮಕೂಡಲು ನರಸೀಪುರದ ಕಡೆಯಿಂದ ಬರುವ ಜನರಿಗೆ ಮೆರವಣಿಗೆ ಎಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ರಥಬೀದಿಯ ಅಂಚಿನಲ್ಲಿ ಒಂದು ಜಾಗ ಹಿಡಿದು ನಿಂತರೆ ಸಾಕು. ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರರ ಐದು ತೇರುಗಳೂ ತಾವಾಗಿಯೇ ಎದುರಿಗೆ ಬರುತ್ತವೆ. ಬೀದಿಯಲ್ಲಿ ನೋಡುವವನು ನಿಲ್ಲುತ್ತಾನೆ, ಮೆರವಣಿಗೆ ನಡೆಯುತ್ತದೆ. ಆದರೆ ಅದೇ ಮೆರವಣಿಗೆಯನ್ನು ಒಂದು ಕೋಣೆಯೊಳಗೆ ತರುವುದು ಹೇಗೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಮೈಸೂರು ಅರಮನೆಯ ಕಲ್ಯಾಣ ಮಂಟಪಕ್ಕೆ ಹೋದರೆ ಸಾಕು. ಅಲ್ಲಿ ದಸರಾ ಮೆರವಣಿಗೆ ಗೋಡೆಯ ಮೇಲೆ ನಿಂತಿದೆ, ನಡೆಯಬೇಕಾದವನು ನೋಡುಗ.

1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ ಹಳೆಯ ಮರದ ಅರಮನೆಗೆ ಬೆಂಕಿ ಬಿದ್ದಿತು. ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಹೊಸ ಅರಮನೆಯ ವಿನ್ಯಾಸವನ್ನು ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಗೆ ವಹಿಸಿದರು. 1912ರಲ್ಲಿ ಕಟ್ಟಡ ಮುಗಿದಾಗ ಆಗಿದ್ದ ವೆಚ್ಚ 41,47,913 ರೂಪಾಯಿ. ಅರಮನೆಯ ಮದುವೆ ಮುಂಜಿಗಳಿಗೆಂದು ಕಟ್ಟಿದ ಎಂಟು ಮೂಲೆಯ ಮಂಟಪವೇ ಈ ಕಲ್ಯಾಣ ಮಂಟಪ. ಅದರ ಎರಕದ ಕಬ್ಬಿಣದ ಕಂಬಗಳೂ ಚಾವಣಿಯ ಬಣ್ಣದ ಗಾಜೂ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಿಂದ ಬಂದವು. ಗಾಜಿನಲ್ಲಿ ನವಿಲು, ನೆಲದ ಹಂಚಿನಲ್ಲಿಯೂ ನವಿಲು. ತಲೆಯ ಮೇಲಿನ ಚಿತ್ರ ಕಾಲ ಕೆಳಗೂ ಮುಂದುವರಿದಿದೆ.

ಗೋಡೆಯ ಮೇಲಿನ ಮೆರವಣಿಗೆ ಬಂದದ್ದು ಅನಂತರ. 1934ರಿಂದ 1945ರವರೆಗಿನ ಅವಧಿಯಲ್ಲಿ ವೈ. ನಾಗರಾಜು, ಕೇಶವಯ್ಯ, ವೈ. ಸುಬ್ರಹ್ಮಣ್ಯರಾಜು, ಎಸ್.ಎನ್. ಸ್ವಾಮಿ ಮೊದಲಾದ ಆಸ್ಥಾನ ಕಲಾವಿದರು ಸೇರಿ ಈ ಚಿತ್ರಗಳನ್ನು ಬರೆದರು. ಒಟ್ಟು 26 ಚಿತ್ರಗಳಲ್ಲಿ ಬಹುಪಾಲು ದಸರೆಗೇ ಸಂಬಂಧಿಸಿದವು. ಕಲಾವಿದರು ಛಾಯಾಚಿತ್ರಗಳನ್ನು ಎದುರಿಗಿಟ್ಟುಕೊಂಡು ಬರೆದದ್ದರಿಂದ, ಗುಂಪಿನಲ್ಲಿರುವ ಮುಖಗಳು ಬರಿಯ ಕಲ್ಪನೆಯ ಮುಖಗಳಲ್ಲ. ಅಂದು ಬದುಕಿದ್ದವರ ಮುಖಗಳು.

ಇಲ್ಲಿ ಕೋಣೆ ಮೊದಲು, ಕಥೆ ಆಮೇಲೆ. ಕಟ್ಟಿ ಮುಗಿದ ಮಂಟಪಕ್ಕೆ ಚಿತ್ರ ಹೊಂದಿಕೊಳ್ಳಬೇಕಾಗಿತ್ತು. ಎಂಟು ಮೂಲೆಯ ಮಂಟಪದ ಆಕಾರವೇ ಅದಕ್ಕೆ ನೆರವಾಯಿತು. ಉದ್ದನೆಯ ಒಂದೇ ಗೋಡೆಯಾಗಿದ್ದರೆ ಮೆರವಣಿಗೆಗೆ ಒಂದು ತುದಿ ಇನ್ನೊಂದು ತುದಿ ಇರುತ್ತಿತ್ತು. ಸುತ್ತುಬರುವ ಮಂಟಪದಲ್ಲಿ ಹಾಗಿಲ್ಲ. ನೋಡುವವನು ಒಂದು ಚಿತ್ರದಿಂದ ಮುಂದಿನದಕ್ಕೆ ಹೆಜ್ಜೆ ಹಾಕಿದಂತೆ ಆನೆ, ಕುದುರೆ, ಸೈನಿಕರು, ವಾದ್ಯದವರು ಒಬ್ಬರ ಹಿಂದೊಬ್ಬರು ಎದುರಾಗುತ್ತಾರೆ. ಗುಡಿಯ ಪ್ರದಕ್ಷಿಣೆ ಹಾಕಿ ಬಲ್ಲ ನಮ್ಮ ಜನರಿಗೆ ಈ ನಡಿಗೆ ಹೊಸದೇನಲ್ಲ. ಚಿತ್ರದ ಕಥೆ ಕೋಣೆಯಾಗುವುದೆಂದರೆ ಇದೇ: ಕಥೆಯ ಕ್ರಮವನ್ನು ನೋಡುಗನ ಹೆಜ್ಜೆಗಳಿಗೆ ಒಪ್ಪಿಸುವುದು.

ಇದಕ್ಕಿಂತ ಹಳೆಯದಾದ ಇನ್ನೊಂದು ಬಗೆಯನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್‌ನಲ್ಲಿ ಕಾಣಬಹುದು. ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಈ ಬೇಸಿಗೆ ಅರಮನೆಯ ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನದ ಚಿತ್ರವಿದೆ. ಆ ಕದನದಲ್ಲಿ ಹೈದರ್ ಮತ್ತು ಟಿಪ್ಪುವಿನ ಸೇನೆಗೆ ಸೋತ ಕರ್ನಲ್ ಬೈಲಿ ಚಿತ್ರದಲ್ಲಿ ಪಲ್ಲಕ್ಕಿಯೊಳಗೆ ಕುಳಿತಿದ್ದಾನೆ. ಸುತ್ತಲೂ ಅವನ ಸೈನಿಕರು ಚೌಕವಾಗಿ ನಿಂತಿದ್ದಾರೆ. ಮದ್ದಿನ ಬಂಡಿ ಸಿಡಿಯುತ್ತಿದೆ. ಈ ಗೋಡೆ ಇರುವುದು ಒಳಕೋಣೆಯಲ್ಲಲ್ಲ, ಅಗಲವಾದ ಜಗಲಿಯ ಹಿಂದೆ. ಇಲ್ಲಿ ಜಗಲಿಯೇ ಚಿತ್ರಕ್ಕೆ ಕೊಡೆ. ಬಿಸಿಲು ಮಳೆ ತಡೆಯುವುದೂ ಅದೇ, ನೋಡುವವನಿಗೆ ನಿಲ್ಲಲು ಜಾಗ ಕೊಡುವುದೂ ಅದೇ.

ಆದರೂ ಈ ಚಿತ್ರ ಮೊದಲು ಇದ್ದಂತೆಯೇ ಉಳಿಯಲಿಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಆರ್ಥರ್ ವೆಲ್ಲೆಸ್ಲಿ ಇಲ್ಲಿಯೇ ವಾಸವಾಗಿದ್ದ. ಅವನ ಕಾಲದಲ್ಲಿ ಒಮ್ಮೆ, 1850ರ ದಶಕದಲ್ಲಿ ಲಾರ್ಡ್ ಡಾಲ್‌ಹೌಸಿಯ ಆದೇಶದಂತೆ ಇನ್ನೊಮ್ಮೆ ಮಾಸಿದ ಚಿತ್ರಕ್ಕೆ ಮತ್ತೆ ಬಣ್ಣ ಕೊಡಲಾಯಿತು. ಬ್ರಿಟಿಷರ ಸೋಲನ್ನು ಸಾರುವ ಚಿತ್ರವನ್ನು ಬ್ರಿಟಿಷರೇ ಉಳಿಸಿದರು! ಆದ್ದರಿಂದ ಇಂದು ನಾವು ಕಾಣುವುದರಲ್ಲಿ 1784ರ ಕುಂಚವೆಷ್ಟು, ಅನಂತರದ ಕುಂಚವೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ.

ಚಿತ್ರ ಕೋಣೆಯಾದಾಗ ಬರುವ ಕಷ್ಟವೂ ಇದೇ. ಚೌಕಟ್ಟಿನ ಚಿತ್ರವನ್ನು ಮಳೆ ಸೋರಿದರೆ ಎತ್ತಿ ಬೇರೆಡೆ ಇಡಬಹುದು. ಗೋಡೆಯ ಚಿತ್ರಕ್ಕೆ ಗೋಡೆಯೇ ಗತಿ. ಚಾವಣಿ ಸೋರಿದರೆ, ಗಾರೆ ಉದುರಿದರೆ, ಕಥೆಯೂ ಉದುರುತ್ತದೆ. ಜೀರ್ಣೋದ್ಧಾರದ ಭಕ್ತಿಯಲ್ಲಿ ಹಳೆಯ ಗುಡಿಗಳ ಗೋಡೆಗೆ ಸುಣ್ಣ ಬಳಿದು, ಅಡಿಯಲ್ಲಿದ್ದ ಚಿತ್ರಗಳನ್ನು ಮುಚ್ಚಿಹಾಕಿದ ನಿದರ್ಶನಗಳು ನಮ್ಮ ನಾಡಿನಲ್ಲಿ ಕಡಿಮೆಯಿಲ್ಲ. ಹಾಗೆ ಮುಚ್ಚಿದವರಲ್ಲಿ ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ಗೋಡೆ ಬೆಳ್ಳಗೆ ಕಾಣಲಿ ಎಂಬ ಆಸೆಯಷ್ಟೆ.

ಕಲ್ಯಾಣ ಮಂಟಪದ ಚಿತ್ರಗಳ ಬೆಲೆ ಈಗ ಇನ್ನೊಂದು ಕಾರಣಕ್ಕೆ ಹೆಚ್ಚಿದೆ. ಆ ಚಿತ್ರಗಳಲ್ಲಿ ಆನೆಯ ಮೇಲೆ ಕುಳಿತವರು ಮಹಾರಾಜರು. ಇಂದಿನ ಜಂಬೂ ಸವಾರಿಯಲ್ಲಿ ಚಿನ್ನದ ಅಂಬಾರಿಯೇರುವವಳು ತಾಯಿ ಚಾಮುಂಡೇಶ್ವರಿ. ಗೋಡೆಯ ಮೇಲಿರುವ ಆ ದಸರಾ ಈಗ ಬೀದಿಯಲ್ಲಿ ಎಲ್ಲಿಯೂ ಸಿಗದು. ನಂಜನಗೂಡಿನ ತೇರನ್ನು ಈ ವರ್ಷ ತಪ್ಪಿಸಿಕೊಂಡವರು ಮುಂದಿನ ವರ್ಷ ಬಂದು ನೋಡಬಹುದು. ಮಂಟಪದ ಗೋಡೆಯ ಮೇಲಿನ ಮೆರವಣಿಗೆ ಅಳಿಸಿಹೋದರೆ ಮತ್ತೆ ಹೊರಡುವುದಿಲ್ಲ.