ಕಾಣದ ಕೊಳೆ

ಬಿಯರಿನ ವಿಷಯವಾಗಿ ಮಾತನಾಡುವವನು ಅದನ್ನು ಕುಡಿದವನೇ ಆಗಿರಬೇಕೆಂಬ ನಿಯಮವಿಲ್ಲ. ನಾನು ಕುಡಿದವನಲ್ಲ; ಕುಡಿಯಿರೆಂದು ಹೇಳಲು ಬಂದವನೂ ಅಲ್ಲ. ಆದರೆ ಇಂಗ್ಲೆಂಡಿನಲ್ಲಿರುವ ಮಗಳ ಮನೆಯಲ್ಲಿ ಒಂದು ಬೇಸಿಗೆಯನ್ನು ಕಳೆದಾಗ, ನನ್ನ ಅಳಿಯ ಅಡುಗೆಮನೆಯಲ್ಲಿ ಬಿಯರು ತಯಾರಿಸುವುದನ್ನು ಕಣ್ಣಾರೆ ಕಂಡೆ. ಆ ದೇಶದಲ್ಲಿ ಸ್ವಂತ ಬಳಕೆಗಾಗಿ ಹೀಗೆ ಮಾಡಿಕೊಳ್ಳಲು 1963ರಿಂದ ಪರವಾನಗಿ ಬೇಕಾಗಿಲ್ಲ. ನಮ್ಮಲ್ಲಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ತಯಾರಿಸುವ ಕ್ರಮ ಸರಳವಾದುದು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ತರಿಯಾಗಿ ಒಡೆದು, ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಂದು ಗಂಟೆ ಇಟ್ಟರೆ, ಕಾಳಿನ ಪಿಷ್ಟವು ಸಕ್ಕರೆಯಾಗುತ್ತದೆ. ಆ ಸಿಹಿರಸವನ್ನು ಸೋಸಿ, ಹಾಪ್ಸ್ ಎಂಬ ಕಹಿ ಹೂಗಳೊಡನೆ ಕುದಿಸಿ, ಆರಿಸಿ, ಯೀಸ್ಟನ್ನು ಬೆರೆಸಿ ಮುಚ್ಚಿಡುತ್ತಾರೆ. ಯೀಸ್ಟು ಆ ಸಕ್ಕರೆಯನ್ನು ಮದ್ಯಸಾರವನ್ನಾಗಿಯೂ ಇಂಗಾಲದ ಡೈಆಕ್ಸೈಡನ್ನಾಗಿಯೂ ಮಾರ್ಪಡಿಸುತ್ತದೆ. ಆದರೆ ಅಳಿಯನು ಈ ಎಲ್ಲಕ್ಕಿಂತ ಹೆಚ್ಚು ಹೊತ್ತನ್ನು ಪಾತ್ರೆ ತೊಳೆಯುವುದರಲ್ಲಿ ಕಳೆಯುತ್ತಿದ್ದ.

ನನಗೆ ನಗು ಬಂತು. ಅವನು ನಗಲಿಲ್ಲ. "ಮಾವ, ಹಿಂದಿನ ಸಲ ಇಪ್ಪತ್ತು ಲೀಟರನ್ನು ಹಾಗೆಯೇ ಮೋರಿಗೆ ಸುರಿದೆ" ಎಂದ. ಪೀಪಾಯಿಯ ಬುಡದಲ್ಲಿದ್ದ ಪ್ಲಾಸ್ಟಿಕ್ ನಲ್ಲಿಯನ್ನು ಬಿಚ್ಚಿ ತೋರಿಸಿದ. ಹೊರಗೆ ಥಳಥಳಿಸುತ್ತಿದ್ದ ಅದರ ತಿರುಪಿನ ಸಂದುಗಳಲ್ಲಿ ಆ ಸಲ ಕಂದುಬಣ್ಣದ ಲೋಳೆಯೊಂದು ಉಳಿದುಬಿಟ್ಟಿತ್ತಂತೆ. ಇಪ್ಪತ್ತು ಲೀಟರನ್ನು ಹುಳಿಯಾಗಿಸಲು ಅಷ್ಟೇ ಸಾಕಾಗಿತ್ತು.

ಈ ಕಾಣದ ಶತ್ರುವನ್ನು ಗುರುತಿಸಲು ಮನುಷ್ಯನಿಗೆ ಬಹಳ ಕಾಲ ಬೇಕಾಯಿತು. ಬವೇರಿಯಾದಲ್ಲಿ 1516ರಲ್ಲಿ ಹೊರಟ ಪ್ರಸಿದ್ಧ ಕಟ್ಟಳೆಯು ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಇಷ್ಟನ್ನೇ ವಿಧಿಸಿತು. ಯೀಸ್ಟಿನ ಹೆಸರೇ ಅದರಲ್ಲಿಲ್ಲ. 1871ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರನು ಲಂಡನ್ನಿನ ವಿಟ್‌ಬ್ರೆಡ್ ಬಿಯರು ತಯಾರಿಕಾಲಯಕ್ಕೆ ಹೋಗಿ, ಅಲ್ಲಿಯ ಯೀಸ್ಟನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಅದರ ದೋಷವನ್ನು ತೋರಿಸಿಕೊಟ್ಟನು. ಬಿಯರು ತಾನಾಗಿಯೇ ಕೆಡುವುದಿಲ್ಲ, ಹೊರಗಿನಿಂದ ಬಂದ ಜೀವಾಣುಗಳು ಅದನ್ನು ಕೆಡಿಸುತ್ತವೆ ಎಂದು 1876ರ ತನ್ನ ಗ್ರಂಥದಲ್ಲಿ ವಿವರಿಸಿದನು. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಎಮಿಲ್ ಹ್ಯಾನ್ಸನ್ನನು 1883ರಲ್ಲಿ ಇನ್ನೂ ಮುಂದೆ ಹೋಗಿ, ಒಂದೇ ಜೀವಕೋಶದಿಂದ ಶುದ್ಧ ಯೀಸ್ಟನ್ನು ಬೆಳೆಸಿದನು. ಕೆಡಿಸುವವರ ಸಾಲಿನಲ್ಲಿ ಕಾಡು ಯೀಸ್ಟುಗಳೂ ಇವೆ ಎಂಬುದು ಅವನಿಂದ ತಿಳಿಯಿತು. ಆ ಶುದ್ಧ ಯೀಸ್ಟನ್ನು ಕಾರ್ಲ್ಸ್‌ಬರ್ಗಿನವರು ಬಚ್ಚಿಡದೆ ಇತರ ತಯಾರಕರಿಗೂ ಹಂಚಿದರು.

ಹಾಗಾದರೆ ಪಾತ್ರೆಯನ್ನು ಹೇಗೆ ತೊಳೆಯಬೇಕು? ಕುದಿಯುವಾಗ ರಸದಲ್ಲಿರುವ ಜೀವಾಣುಗಳು ಸಾಯುತ್ತವೆ; ಅಪಾಯವಿರುವುದು ಆರಿದ ಮೇಲೆ. ಆಗ ಅದನ್ನು ಮುಟ್ಟುವ ಪೀಪಾಯಿ, ಕೊಳವೆ, ನಲ್ಲಿ, ಸೀಸೆ ಎಲ್ಲವೂ ಎರಡು ಸಂಸ್ಕಾರಗಳನ್ನು ಪಡೆದಿರಬೇಕು. ಮೊದಲನೆಯದು ಕೊಳೆ ತೆಗೆಯುವುದು: ಸೋಡಿಯಂ ಪರ್ಕಾರ್ಬೊನೇಟಿನಂತಹ ಕ್ಷಾರವನ್ನು ಬಿಸಿನೀರಿನಲ್ಲಿ ಕರಗಿಸಿ, ನೆನೆಹಾಕಿ, ಮೆತ್ತನೆಯ ಬಟ್ಟೆಯಿಂದ ಒರಸಿ, ಚೆನ್ನಾಗಿ ಜಾಲಿಸಬೇಕು. ಪ್ಲಾಸ್ಟಿಕ್ಕನ್ನು ಒರಟು ನಾರಿನಿಂದ ಉಜ್ಜಬಾರದು. ಬಿದ್ದ ಗೀರುಗಳಲ್ಲಿ ಬ್ಯಾಕ್ಟೀರಿಯಾಗಳು ಅಡಗಿಕೊಳ್ಳುತ್ತವೆ. ಎರಡನೆಯದು ಕ್ರಿಮಿನಾಶ: ಅಯೊಡಿನ್ನಿನ ಅಥವಾ ಆಮ್ಲದ ತೆಳು ದ್ರಾವಣದಲ್ಲಿ, ಅದರ ಮೇಲೆ ಬರೆದಷ್ಟು ಹೊತ್ತು ಅದ್ದಿಡಬೇಕು. ಕ್ಲೋರಿನ್ ಇರುವ ಬ್ಲೀಚನ್ನು ಯಾವ ಆಮ್ಲದೊಡನೆಯೂ ಬೆರೆಸಲೇಬಾರದು, ವಿಷಾನಿಲ ಹೊರಡುತ್ತದೆ.

ಇವೆರಡರಲ್ಲಿ ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಫಲವಿಲ್ಲ. ಲೋಳೆಯ ಮರೆಯಲ್ಲಿರುವ ಜೀವಾಣುವನ್ನು ದ್ರಾವಣ ಮುಟ್ಟಲಾರದು. ಅಳಿಯನೂ ನಲ್ಲಿಯನ್ನು ದ್ರಾವಣದಲ್ಲಿ ಅದ್ದಿದ್ದ. ಬಿಚ್ಚಿ ತೊಳೆದಿರಲಿಲ್ಲ ಅಷ್ಟೆ.

ಅವನ ಮಾತನ್ನು ಕೇಳುತ್ತಿದ್ದಂತೆ ನನಗೆ ನಮ್ಮ ತಾಯಿ ನೆನಪಾದರು. ಹಾಲಿನ ಪಾತ್ರೆಯನ್ನು ಬೂದಿ ಹಾಕಿ ಬೆಳಗಿ, ಕುದಿಯುವ ನೀರನ್ನು ಸುರಿದು, ಬಿಸಿಲಿಗೆ ಬೋರಲು ಹಾಕದೆ ಅವರು ಹೆಪ್ಪು ಹಾಕಿದವರಲ್ಲ. ಪಾಶ್ಚರನ ಹೆಸರನ್ನು ಅವರು ಕೇಳಿರಲಿಲ್ಲ. ಆದರೆ ಬೂದಿಯ ಕೆಲಸ ಬೇರೆ, ಬಿಸಿನೀರಿನ ಕೆಲಸ ಬೇರೆ ಎಂಬುದು ಅವರಿಗೆ ತಿಳಿದಿತ್ತು. ಇದನ್ನು ಅಳಿಯನಿಗೆ ಹೇಳಿದೆ. ಅವನು ನಲ್ಲಿಯನ್ನೂ ಸಣ್ಣ ಬ್ರಷ್ಷನ್ನೂ ನನ್ನ ಕೈಗಿತ್ತ. ಆ ದಿನ ನಲ್ಲಿಯನ್ನು ತೊಳೆದವನು ನಾನೇ.