ಆಸ್ಪತ್ರೆ ವಾರ್ಡ್‌ನಂಥ ಟೀಮ್ ಕಪ್ ಗೆಲ್ಲುತ್ತಾ?

17 ಮ್ಯಾಚ್ ಆಡಿ 15 ಗೆದ್ದ ತಂಡ. ತನ್ನ ಗುಂಪಿಗೇ ನಂಬರ್ ಒನ್. ಇಡೀ ಲೀಗ್‌ನಲ್ಲಿ ಅತಿ ಹೆಚ್ಚು ಅಂಕ ಹೊಡೆದ ತಂಡ. 2025ರ ಜನವರಿ 18ರ ರಾತ್ರಿ, ಸ್ವಂತ ಊರಿನಲ್ಲಿ, ಸ್ವಂತ ಜನರ ಮುಂದೆ, ಪ್ಲೇಆಫ್‌ನ ಮೊದಲ ಮ್ಯಾಚ್‌ನಲ್ಲೇ 45-31ರಿಂದ ಸೋತು ಮನೆಗೆ ಹೋಯಿತು. ಅದೇ ಡೆಟ್ರಾಯಿಟ್ ಲಯನ್ಸ್. ಇವತ್ತಿನವರೆಗೂ ಒಂದೇ ಒಂದು ಸಲ ಸೂಪರ್ ಬೌಲ್ ಫೈನಲ್ ಮೆಟ್ಟಿಲು ಹತ್ತದ ತಂಡ. ಈ ಸಲವಾದರೂ ಆಗುತ್ತೆ ಅಂತ ಊರಿಗೆ ಊರೇ ಕಾದಿತ್ತು.

ಆಗಲಿಲ್ಲ. ಯಾಕೆ ಅಂತ ಕೇಳಿದ್ರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ಇಂಜುರಿ. ಆದ್ರೆ ಆ ಉತ್ತರ ಪೂರ್ತಿ ಸರಿಯಲ್ಲ. ಯಾಕಂದ್ರೆ ಇದೇ ಲೀಗ್‌ನಲ್ಲಿ, ಹದಿನೈದು ಆಟಗಾರರನ್ನು ಗಾಯಾಳುಗಳ ಪಟ್ಟಿಗೆ ಕಳಿಸಿ ಕಪ್ ಎತ್ತಿದ ತಂಡವೂ ಇದೆ. ಹಾಗಾದ್ರೆ ಗಾಯಾಳುಗಳ ತಂಡ ಯಾವಾಗ ಗೆಲ್ಲುತ್ತೆ, ಯಾವಾಗ ಮುಳುಗುತ್ತೆ? ಇವತ್ತು ಅದನ್ನೇ ನೋಡೋಣ.

ಮೊದಲಿಗೆ ಒಂದು ಮಾತು. ನಾನು ಹೇಳ್ತಿರೋದು ಮೆಸ್ಸಿ, ರೊನಾಲ್ಡೊ ಆಡೋ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕ್ಕೊಂಡು, ಮೈಮೇಲೆ ಬಿದ್ದು ಆಡೋ ಅಮೆರಿಕನ್ ಫುಟ್‌ಬಾಲ್. ಲೀಗ್ ಹೆಸರು ಎನ್‌ಎಫ್‌ಎಲ್. 32 ತಂಡ, ಎರಡು ಗುಂಪು. ಈಗಿನ ನಿಯಮದಂತೆ ಒಂದೊಂದು ಗುಂಪಿನಿಂದ ಏಳು ತಂಡ ಪ್ಲೇಆಫ್‌ಗೆ ಬರುತ್ತವೆ. ಮೊದಲ ಸ್ಥಾನದ ತಂಡಕ್ಕೆ ಮೊದಲ ಸುತ್ತಿನಲ್ಲಿ ವಿಶ್ರಾಂತಿ. ಅಂದ್ರೆ ಅದು ಮೂರು ಮ್ಯಾಚ್ ಗೆದ್ದರೆ ಚಾಂಪಿಯನ್. ಉಳಿದವರು ನಾಲ್ಕು ಗೆಲ್ಲಬೇಕು. ನಮ್ಮ ಐಪಿಎಲ್ ಥರ ಟಾಪ್ ಎರಡು ತಂಡಕ್ಕೆ ಎರಡನೇ ಅವಕಾಶ ಅನ್ನೋದು ಇಲ್ಲಿಲ್ಲ. ಒಂದು ಸೋತರೆ ಕಥೆ ಮುಗೀತು.

ನಾನು ಎಂಜಿನಿಯರಿಂಗ್ ಓದಿದವನು, ಲೆಕ್ಕ ಹಾಕದೆ ಮನಸ್ಸು ಕೇಳಲ್ಲ. ಒಂದು ತಂಡಕ್ಕೆ ಪ್ರತಿ ಮ್ಯಾಚ್ ಗೆಲ್ಲೋ ಸಾಧ್ಯತೆ ಶೇ. 60 ಅಂತಿಟ್ಟುಕೊಳ್ಳಿ. ಒಳ್ಳೆ ತಂಡವೇ. ಮೂರು ಮ್ಯಾಚ್ ಸತತವಾಗಿ ಗೆಲ್ಲೋ ಸಾಧ್ಯತೆ? ಶೇ. 22 ಕೂಡ ಇಲ್ಲ. ನಾಲ್ಕು ಗೆಲ್ಲಬೇಕಾದ್ರೆ? ಸುಮಾರು ಶೇ. 13. ಇನ್ನು ಗಾಯಗಳಿಂದ ಅದೇ ತಂಡದ ಬಲ ಶೇ. 60ರಿಂದ 50ಕ್ಕೆ ಇಳಿದರೆ, ನಾಲ್ಕು ಗೆಲ್ಲೋ ಸಾಧ್ಯತೆ ಶೇ. 6ರ ಆಸುಪಾಸು. ಒಂದು ಮ್ಯಾಚ್‌ನಲ್ಲಿ ಹತ್ತು ಪರ್ಸೆಂಟ್ ಇಳಿದ್ರೆ, ಕಪ್ ಗೆಲ್ಲೋ ಅವಕಾಶ ಅರ್ಧಕ್ಕಿಂತ ಕೆಳಗೆ ಬಂತು. ಪ್ಲೇಆಫ್‌ನಲ್ಲಿ ಇಂಜುರಿ ಅಷ್ಟು ದುಬಾರಿ ಯಾಕೆ ಅನ್ನೋದು ಇಷ್ಟರಲ್ಲೇ ಇದೆ.

ಈಗ 2010ಕ್ಕೆ ಹೋಗೋಣ. ತಂಡ ಗ್ರೀನ್ ಬೇ ಪ್ಯಾಕರ್ಸ್. ವಿಸ್ಕಾನ್ಸಿನ್ ರಾಜ್ಯದ, ಸುಮಾರು ಒಂದು ಲಕ್ಷ ಜನಸಂಖ್ಯೆಯ ಊರು ಅದು. ಆ ತಂಡಕ್ಕೆ ಮಾಲೀಕ ಅಂತ ಒಬ್ಬ ಶ್ರೀಮಂತ ಇಲ್ಲ, ಸಾಮಾನ್ಯ ಜನರೇ ಷೇರುದಾರರು. ಸೀಸನ್‌ನ ಮೊದಲ ಮ್ಯಾಚ್‌ನಲ್ಲೇ ಓಟಗಾರ ರಯಾನ್ ಗ್ರಾಂಟ್ ಕಣಕಾಲಿಗೆ ಪೆಟ್ಟು ಮಾಡಿಕೊಂಡ. ಹಿಂದಿನ ಎರಡೂ ಸೀಸನ್‌ನಲ್ಲಿ 1,200 ಗಜ ದಾಟಿ ಓಡಿದ್ದವನು, ಒಂದೇ ದಿನದಲ್ಲಿ ಆಟದಿಂದ ಹೊರಗೆ. ಐದನೇ ವಾರ ವಾಷಿಂಗ್ಟನ್‌ನಲ್ಲಿ ಜರ್ಮೈಕಲ್ ಫಿನ್ಲಿ ಮೊಣಕಾಲು ಹೋಯ್ತು. ಅದೇ ಮ್ಯಾಚ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್ ತಲೆಗೂ ಪೆಟ್ಟು. ನಿಕ್ ಬಾರ್ನೆಟ್ ಮಣಿಕಟ್ಟಿಗೂ ಪೆಟ್ಟು. ಪಟ್ಟಿ ಬೆಳೀತಾ ಹೋಯ್ತು. ಆಗಿನ ನಿಯಮ ಇನ್ನೂ ಕಠಿಣ. ಗಾಯಾಳುಗಳ ಪಟ್ಟಿಗೆ ಹೆಸರು ಬರೆಸಿದರೆ ಆ ವರ್ಷ ಮತ್ತೆ ಆಡೋ ಹಾಗಿಲ್ಲ. ಈಗಾದ್ರೆ ಕನಿಷ್ಠ ನಾಲ್ಕು ಮ್ಯಾಚ್ ಬಿಟ್ಟು ವಾಪಸ್ ಬರಬಹುದು.

ಡಿಸೆಂಬರ್‌ನಲ್ಲಿ ರಾಜರ್ಸ್ ತಲೆಗೆ ಎರಡನೇ ಸಲ ಪೆಟ್ಟು. ಆ ದಿನ ಸೋಲು, ಅವನಿಲ್ಲದ ಮುಂದಿನ ಮ್ಯಾಚ್‌ನಲ್ಲೂ ಸೋಲು. ಎಂಟು ಗೆಲುವು, ಆರು ಸೋಲು. ಟಿವಿ ಮುಂದೆ ಕೂತವರು ಟೀಮ್ ಮುಗೀತು ಅಂದುಕೊಂಡಿದ್ದರೆ ತಪ್ಪೇನಿಲ್ಲ.

ಆದ್ರೆ ಪಾಯಿಂಟ್ಸ್ ಟೇಬಲ್ ಬಿಟ್ಟು ಸೋಲಿನ ಅಂತರ ನೋಡಿ. ಆ ಆರು ಸೋಲುಗಳ ಅಂತರ: ಮೂರು, ಮೂರು, ಮೂರು, ಮೂರು, ನಾಲ್ಕು, ನಾಲ್ಕು. ಒಟ್ಟು ಇಪ್ಪತ್ತು ಅಂಕ. ಇಡೀ ವರ್ಷದಲ್ಲಿ ಒಂದು ಮ್ಯಾಚ್‌ನಲ್ಲೂ ಆ ತಂಡ ಏಳು ಅಂಕಕ್ಕಿಂತ ಹೆಚ್ಚು ಹಿಂದೆ ಬೀಳಲಿಲ್ಲ. ಅಂದ್ರೆ ಆಟಗಾರರು ಬಿದ್ದಿದ್ದರು, ತಂಡ ಬಿದ್ದಿರಲಿಲ್ಲ. ಗಾಯಾಳುಗಳ ತಂಡವನ್ನು ಅಳೆಯೋಕೆ ನಾನು ಮೊದಲು ಕೇಳೋ ಪ್ರಶ್ನೆ ಇದು: ಎಷ್ಟು ಸೋತರು ಅಂತ ಅಲ್ಲ, ಎಷ್ಟರಲ್ಲಿ ಸೋತರು ಅಂತ.

ಕೊನೆಯ ಎರಡು ಮ್ಯಾಚ್ ಗೆದ್ದು 10-6. ಆಗ ಒಂದು ಗುಂಪಿನಿಂದ ಆರೇ ತಂಡಕ್ಕೆ ಪ್ರವೇಶ. 10-6 ಇದ್ದ ಇನ್ನೆರಡು ತಂಡಗಳನ್ನು ಟೈಬ್ರೇಕ್‌ನಲ್ಲಿ ಹಿಂದಿಕ್ಕಿ ಪ್ಯಾಕರ್ಸ್ ಆರನೇ ಸ್ಥಾನಕ್ಕೆ ಬಂತು. ಫೈನಲ್‌ಗೆ ಮುಂಚಿನ ಮೂರೂ ಮ್ಯಾಚ್ ಎದುರಾಳಿಯ ಊರಲ್ಲಿ. ಫಿಲಡೆಲ್ಫಿಯಾದಲ್ಲಿ 21-16, ಅಟ್ಲಾಂಟಾದಲ್ಲಿ 48-21, ಚಿಕಾಗೋದಲ್ಲಿ 21-14. 2011ರ ಫೆಬ್ರುವರಿ 6ರಂದು ಫೈನಲ್‌ನಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ವಿರುದ್ಧ 31-25.

ಗೆಲ್ಲಿಸಿದ್ದು ಯಾರು? ರಾಜರ್ಸ್, ನಿಜ. ಆದ್ರೆ ಉಳಿದ ಹೆಸರುಗಳನ್ನೂ ಕೇಳಿ. ಫಿಲಡೆಲ್ಫಿಯಾದಲ್ಲಿ 123 ಗಜ ಓಡಿದ ಜೇಮ್ಸ್ ಸ್ಟಾರ್ಕ್ಸ್, ಆರನೇ ಸುತ್ತಿನಲ್ಲಿ ಆರಿಸಿದ ಹೊಸ ಹುಡುಗ. ಚಿಕಾಗೋದಲ್ಲಿ ಚೆಂಡು ಕಸಿದ ಸ್ಯಾಮ್ ಶೀಲ್ಡ್ಸ್, ಯಾವ ತಂಡವೂ ಡ್ರಾಫ್ಟ್‌ನಲ್ಲಿ ಆರಿಸದವನು. ಫೈನಲ್‌ನಲ್ಲಿ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನ ಕೈಗೆ ಅಡ್ಡ ಬಂದು, ಆ ಎಸೆತವನ್ನೇ ಪ್ಯಾಕರ್ಸ್‌ಗೆ ಟಚ್‌ಡೌನ್ ಮಾಡಿಕೊಟ್ಟ ಹೋವರ್ಡ್ ಗ್ರೀನ್, ಬೇರೆ ತಂಡ ಕೈಬಿಟ್ಟಾಗ ಅಕ್ಟೋಬರ್‌ನಲ್ಲಿ ಎತ್ತಿಕೊಂಡವನು. ಕೊನೆಯ ಕ್ವಾರ್ಟರ್‌ನ ಆರಂಭದಲ್ಲಿ, ನಾಲ್ಕೇ ಅಂಕದ ಅಂತರ ಇದ್ದಾಗ ಸ್ಟೀಲರ್ಸ್ ಕೈಜಾರಿಸಿದ ಚೆಂಡನ್ನು ಹಿಡಿದ ಡೆಸ್ಮಂಡ್ ಬಿಷಪ್, ಅದೇ ಗಾಯಾಳು ಬಾರ್ನೆಟ್ ಜಾಗಕ್ಕೆ ಬಂದವನು. ಇಂಥವರನ್ನು ಮೊದಲೇ ಹುಡುಕಿ ಇಟ್ಟಿದ್ದು ಮ್ಯಾನೇಜರ್ ಟೆಡ್ ಥಾಂಪ್ಸನ್. ಬಾಯಾರಿಕೆ ಆದಾಗ ಬಾವಿ ತೋಡೋ ಕೆಲಸ ಅವರು ಮಾಡಲಿಲ್ಲ.

ಅದೃಷ್ಟವೂ ಇತ್ತು, ಅದನ್ನು ಮುಚ್ಚಿಡಬಾರದು. ಚಿಕಾಗೋ ಮ್ಯಾಚ್‌ನಲ್ಲಿ ಎದುರಾಳಿ ಕ್ವಾರ್ಟರ್‌ಬ್ಯಾಕ್ ಜೇ ಕಟ್ಲರ್ ಕೂಡ ಮೊಣಕಾಲು ನೋವಿನಿಂದ ಹೊರಗೆ ಕೂತ. ಎಲ್ಲಕ್ಕಿಂತ ದೊಡ್ಡ ಅದೃಷ್ಟ ಅಂದ್ರೆ ರಾಜರ್ಸ್ ವಾಪಸ್ ಬಂದಿದ್ದು. ಯಾಕಂದ್ರೆ ಈ ಆಟದಲ್ಲಿ ಆ ಒಂದು ಜಾಗ ಮಾತ್ರ ಬೇರೆ. 2023ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಂಡಕ್ಕೆ ಏನಾಯ್ತು ನೋಡಿ. ಫೈನಲ್‌ಗೆ ಒಂದೇ ಹೆಜ್ಜೆ. ಸೀಸನ್‌ನಲ್ಲಿ ಇಬ್ಬರು ಕ್ವಾರ್ಟರ್‌ಬ್ಯಾಕ್ ಆಗಲೇ ಗಾಯಾಳುಗಳು. ಮೂರನೆಯವನು ಬ್ರಾಕ್ ಪರ್ಡಿ ಆ ದಿನ ಮೊಣಕೈ ಮುರಿಸಿಕೊಂಡಂತಾದ, ಎಸೆಯೋಕೇ ಆಗಲಿಲ್ಲ. ನಾಲ್ಕನೆಯವನಿಗೆ ತಲೆಗೆ ಪೆಟ್ಟು. 31-7ರ ಸೋಲು. ಅದಾದ ಮೇಲೆ ಲೀಗ್ ತುರ್ತು ಮೂರನೇ ಕ್ವಾರ್ಟರ್‌ಬ್ಯಾಕ್ ನಿಯಮವನ್ನೇ ವಾಪಸ್ ತಂದಿತು.

ಈಗ ಡೆಟ್ರಾಯಿಟ್‌ಗೆ ಮರಳೋಣ. ಅವರ ಕ್ವಾರ್ಟರ್‌ಬ್ಯಾಕ್ ಜ್ಯಾರೆಡ್ ಗಾಫ್ ಸೀಸನ್‌ಪೂರ್ತಿ ಗಟ್ಟಿಯಾಗಿದ್ದ. ಆದ್ರೆ ಗಾಯಗಳ ಪೆಟ್ಟು ಹೆಚ್ಚಾಗಿ ಒಂದೇ ಕಡೆ ಬಿತ್ತು, ಡಿಫೆನ್ಸ್ ಮೇಲೆ. ಅಕ್ಟೋಬರ್ 13ರಂದು ಏಡನ್ ಹಚಿನ್ಸನ್ ಕಾಲಿನ ಎರಡು ಮೂಳೆ ಮುರಿದವು. ಡಿಸೆಂಬರ್ 15ರ ಒಂದೇ ಮ್ಯಾಚ್‌ನಲ್ಲಿ ಅಲಿಮ್ ಮೆಕ್‌ನೀಲ್ ಮೊಣಕಾಲು, ಕಾರ್ಲ್‌ಟನ್ ಡೇವಿಸ್ ದವಡೆ. ಪ್ಲೇಆಫ್ ಮ್ಯಾಚ್ ಶುರುವಾದ ಸ್ವಲ್ಪ ಹೊತ್ತಿಗೇ ಅಮಿಕ್ ರಾಬರ್ಟ್‌ಸನ್ ಕೈ.

ಒಂದು ಕಟ್ಟಡದಲ್ಲಿ ಹತ್ತು ಕಡೆ ಒಂದೊಂದು ಇಟ್ಟಿಗೆ ಉದುರಿದ್ರೆ ಕಟ್ಟಡ ನಿಲ್ಲುತ್ತೆ. ಒಂದೇ ಮೂಲೆಯ ಎರಡು ಕಂಬ ಹೋದ್ರೆ ಭಾರ ಪಕ್ಕದ ಕಂಬಕ್ಕೆ ಬೀಳುತ್ತೆ, ಅದೂ ಬಿರುಕು ಬಿಡುತ್ತೆ. ಇಲ್ಲೂ ಹಾಗೆ. ಮುಂದಿನ ಸಾಲಲ್ಲಿ ಹಚಿನ್ಸನ್ ಇಲ್ಲ ಅಂದ್ರೆ ಎದುರಾಳಿ ಕ್ವಾರ್ಟರ್‌ಬ್ಯಾಕ್‌ಗೆ ಎಸೆಯೋಕೆ ಹೆಚ್ಚು ಟೈಮ್ ಸಿಗುತ್ತೆ. ಟೈಮ್ ಸಿಕ್ಕಿದ್ರೆ ಹಿಂದಿನ ಸಾಲಿನವರು ಹೆಚ್ಚು ಹೊತ್ತು ಬೆನ್ನಟ್ಟಬೇಕು. ಆ ಹಿಂದಿನ ಸಾಲಿನವರೇ ಗಾಯಾಳುಗಳಾದ್ರೆ? ನವೆಂಬರ್‌ನಲ್ಲಿ ಜೆಡೇರಿಯಸ್ ಸ್ಮಿತ್‌ನನ್ನು ಕ್ಲೀವ್‌ಲ್ಯಾಂಡ್‌ನಿಂದ ತಂದರು, ಸಾಲಲಿಲ್ಲ. ವಾಷಿಂಗ್ಟನ್‌ನ ಹೊಸ ಹುಡುಗ ಜೇಡನ್ ಡೇನಿಯಲ್ಸ್ ಆ ರಾತ್ರಿ ಆ ಬಿರುಕನ್ನೇ ಹುಡುಕಿ ಆಡಿದ. ಹಾಗಂತ ಎಲ್ಲ ತಪ್ಪೂ ಗಾಯದ್ದಲ್ಲ. ಚೆನ್ನಾಗಿದ್ದ ಆಫೆನ್ಸ್ ಅವತ್ತು ಐದು ಸಲ ಚೆಂಡು ಬಿಟ್ಟುಕೊಟ್ಟಿತು. ಆದ್ರೆ ಗಟ್ಟಿ ಡಿಫೆನ್ಸ್ ಇದ್ದಿದ್ರೆ ಅಂಥ ತಪ್ಪುಗಳನ್ನು ಸ್ವಲ್ಪವಾದ್ರೂ ತಡೆದುಕೊಳ್ಳಬಹುದಿತ್ತು. ಗಾಯಾಳುಗಳ ತಂಡಕ್ಕೆ ಇಲ್ಲದ ಐಷಾರಾಮ ಅಂದ್ರೆ ಅದು: ತಪ್ಪು ಮಾಡೋ ಅವಕಾಶ.

ಹಾಗಾಗಿ ಮುಂದಿನ ಸಲ ಯಾವುದಾದ್ರೂ ತಂಡದಲ್ಲಿ ಇಷ್ಟು ಜನ ಔಟ್ ಅಂತ ಸುದ್ದಿ ಬಂದಾಗ, ತಲೆ ಎಣಿಸಬೇಡಿ. ಯಾವ ಜಾಗದಲ್ಲಿ ಔಟ್, ಅಕ್ಕಪಕ್ಕದಲ್ಲೇ ಔಟ್ ಆಗಿದ್ದಾರಾ, ಹಿಂದೆ ನಿಂತವನು ಯಾರು ಅಂತ ಕೇಳಿ. ಉತ್ತರ ಅಲ್ಲಿರುತ್ತೆ.

ಅಮೆರಿಕದ ಕೋಚ್‌ಗಳಿಗೆ ಒಂದು ಮಾತು ಬಹಳ ಇಷ್ಟ: ಒಬ್ಬ ಬಿದ್ದರೆ ಮುಂದಿನವನು ರೆಡಿ. ಕೇಳೋಕೆ ಚೆನ್ನಾಗಿದೆ. ಆದ್ರೆ ಬಿದ್ದವನ ಕಥೆ? 2011ರ ಫೈನಲ್‌ಗೆ ಮುಂಚೆ ಪ್ಯಾಕರ್ಸ್ ತಂಡದ ಗ್ರೂಪ್ ಫೋಟೋಗೆ ದಿನ ಗೊತ್ತಾಗಿತ್ತು. ಗಾಯಾಳುಗಳು ಊರು ಮುಟ್ಟೋದು ಆ ದಿನ ಕಳೆದ ಮೇಲೆ. ಅಂದ್ರೆ ಫೋಟೋದಲ್ಲಿ ಅವರಿಲ್ಲ. ಬಾರ್ನೆಟ್, ಫಿನ್ಲಿ ಇಬ್ಬರೂ ಟ್ವಿಟರ್‌ನಲ್ಲಿ ಬೇಸರ ಹೇಳಿಕೊಂಡರು. ದೊಡ್ಡ ಗಲಾಟೆಯೇ ಆಯ್ತು. ಕೊನೆಗೆ ಗಾಯಾಳುಗಳೂ ಬರುವವರೆಗೆ ಫೋಟೋ ದಿನವನ್ನೇ ಮುಂದಕ್ಕೆ ಹಾಕಿದರು.

ಸಣ್ಣ ವಿಷಯ ಅನ್ನಿಸಬಹುದು. ಆದ್ರೆ ಆ 10-6ರಲ್ಲಿ ಗ್ರಾಂಟ್ ಓಡಿದ ಗಜಗಳೂ ಇವೆ, ಫಿನ್ಲಿ ಹಿಡಿದ ಕ್ಯಾಚ್‌ಗಳೂ ಇವೆ. ಒಂದು ಗೆಲುವು ಕಡಿಮೆ ಆಗಿದ್ರೆ ಪ್ಲೇಆಫ್ ಬಾಗಿಲೇ ತೆರೀತಿರಲಿಲ್ಲ. ಗೆದ್ದವರ ಲೆಕ್ಕ ಹಾಕುವಾಗ ಊರುಗೋಲು ಹಿಡಿದು ನಿಂತವರನ್ನು ಬಿಟ್ಟು ಲೆಕ್ಕ ಹಾಕಿದ್ರೆ, ಆ ಲೆಕ್ಕ ತಪ್ಪು.