ಯಾದಿ ಬರೆದ ದಿನವೇ ಅಕ್ಕಿಕಾಳು

ಹುಕ್ಕೇರಿ, ಸಂಕೇಶ್ವರದ ಕಡೆ ಹುಡುಗಿ ಒಪ್ಪಿಗೆಯಾದ ಮೇಲೆ ಎರಡೂ ಮನೆಯ ಹಿರಿಯರು ಜಮಖಾನದ ಮೇಲೆ ಕೂತು ಯಾದಿ ಬರೆಯುತ್ತಾರೆ. ಬಂಗಾರ ಯಾರು ಎಷ್ಟು ಹಾಕಬೇಕು, ಜವಳಿ ಯಾರ ಪಾಲು, ಊಟದ ಖರ್ಚು ಯಾರದು, ಹಂದರ ಯಾರ ಮನೆ ಮುಂದೆ, ಬೀಗರಿಗೆ ಆಯೇರಿ ಎಷ್ಟು ಮಂದಿಗೆ, ಎಲ್ಲವೂ ಒಂದು ಹಾಳೆಗೆ ಇಳಿಯುತ್ತದೆ. ಹಾಳೆಗೆ ಅರಿಷಿಣ-ಕುಂಕುಮ ಹಚ್ಚಿ, ಎರಡೂ ಕಡೆಯವರು ಸಹಿ ಮಾಡಿ, ಚಹಾ ಕುಡಿದು, ತಿಂಗಳೆರಡು ತಿಂಗಳ ಮುಂದಿನ ಒಂದು ಮುಹೂರ್ತ ಗೊತ್ತು ಮಾಡಿ ಏಳುವುದು ರೂಢಿ. ಈಗೀಗ ಎಷ್ಟೋ ಕಡೆ ಏಳುವುದೇ ಇಲ್ಲ. ‘ಹೆಂಗೂ ಮಂದಿ ಕೂಡ್ಯಾರ, ಇವತ್ತ ಮುಗಿಸಿಬಿಡೂಣಲ್ಲ’ ಎಂದು ಯಾರೋ ಒಬ್ಬ ಹಿರಿಯರು ಅನ್ನುತ್ತಾರೆ. ಮಧ್ಯಾಹ್ನಕ್ಕೆ ಅಕ್ಕಿಕಾಳು ಬಿದ್ದು, ಸಂಜೆಯ ಹೊತ್ತಿಗೆ ಹುಡುಗಿ ಗಂಡನ ಮನೆಯ ಜೀಪು ಹತ್ತಿರುತ್ತಾಳೆ. ಕೊಲ್ಹಾಪುರ, ಸಾಂಗ್ಲಿ ಸೀಮೆಯಲ್ಲಿ ಇದಕ್ಕೆ ‘ಯಾದಿ ಪೆ ಶಾದಿ’ ಎನ್ನುತ್ತಾರೆ. ಮಾತೂ ರೂಢಿಯೂ ಗಡಿ ದಾಟಲು ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ದಿಢೀರನೆ ಹೊಳೆದಂತೆ ಹೇಳುವ ಆ ಹಿರಿಯರ ಮಾತು ಎಷ್ಟೋ ಸಲ ಹಿಂದಿನ ರಾತ್ರಿಯೇ ಫೋನಿನಲ್ಲಿ ಪಕ್ಕಾ ಆಗಿರುತ್ತದೆ. ಇಲ್ಲದಿದ್ದರೆ ಬಾಸಿಂಗ ಯಾರ ಚೀಲದಿಂದ ಬಂತು, ತಾಳಿ ಯಾವಾಗ ಮಾಡಿಸಿದರು? ಅದಿರಲಿ. ನನಗೆ ಯಾವಾಗಲೂ ಕಾಡುವ ಪ್ರಶ್ನೆ ಬೇರೆ. ಬೆಳಿಗ್ಗೆ ನಿರ್ಧಾರವಾದ ಲಗ್ನಕ್ಕೆ ಮಧ್ಯಾಹ್ನ ಪಂಕ್ತಿ ಬೀಳುತ್ತದಲ್ಲ, ಆ ರೊಟ್ಟಿ ಬಡಿದವರು ಯಾರು?

ನಮ್ಮ ಕಡೆ ಮದುವೆ ಚಿಕ್ಕದಾಗಬಹುದು, ಊಟ ಚಿಕ್ಕದಾಗುವುದಿಲ್ಲ. ‘ಬರೇ ಮನಿ ಮಂದಿ’ ಎಂದರೂ ನಾಲ್ಕೈದು ನೂರು ತಲೆ. ಹೋಳಿಗೆ, ಅನ್ನ, ಸಾರು ಏನೇ ಇರಲಿ, ಎಲೆಯ ಮೇಲೆ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ ಬೀಳದಿದ್ದರೆ ಬೀಗರ ಮೋರೆ ನೋಡುವ ಹಾಗಿರುವುದಿಲ್ಲ. ಐನೂರು ಜನಕ್ಕೆ ತಲೆಗೆ ಎರಡು ಹಿಡಿದರೆ ಸಾವಿರ ರೊಟ್ಟಿ. ಎಸರು ಕಾಯಿಸಿ ಹಿಟ್ಟಿಗೆ ಸುರುವಿ, ನಾದಿ, ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಮಗುಚಿ ಸುಡುವುದಕ್ಕೆ ಒಂದಕ್ಕೆ ಮೂರೇ ನಿಮಿಷವೆಂದರೂ 50 ಗಂಟೆ. ಲಗ್ನ ನಾಲ್ಕು ತಾಸಿನಲ್ಲಿ ಮುಗಿಯಬಹುದು. ಆ 50 ಗಂಟೆ ಎಲ್ಲಿಗೂ ಹೋಗುವುದಿಲ್ಲ. ಯಾರಾದರೊಬ್ಬರು ಒಲೆ ಮುಂದೆ ಕೂತು ಅದನ್ನು ಕಳೆಯಲೇಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಮದುವೆ ಐದು ದಿನದಿಂದ ಅರ್ಧ ದಿನಕ್ಕೆ ಇಳಿದ ಕಥೆಯನ್ನು ಬರೆಯಬೇಕಾದರೆ, ಆ ಗಂಟೆಗಳು ಯಾವ ಮನೆಯಿಂದ ಯಾವ ಮನೆಗೆ ಹೋದವು ಎಂದು ಹಿಂಬಾಲಿಸಬೇಕು.

ಮೊದಲು ಅವು ಓಣಿಯಲ್ಲಿ ಹಂಚಿಹೋಗುತ್ತಿದ್ದವು. ಲಗ್ನದ ಮನೆಯವರು ಮನೆಮನೆಗೆ ಇಷ್ಟಿಷ್ಟು ಹಿಟ್ಟು ಕಳಿಸುವುದು, ಆ ಹಿಟ್ಟು ರೊಟ್ಟಿಯಾಗಿ ಬುಟ್ಟಿಯಲ್ಲಿ ತಿರುಗಿ ಬರುವುದು. ಮುಂದೆ ಆ ಮನೆಯಲ್ಲಿ ಲಗ್ನವಾದಾಗ ಇವರು ಬಡಿದುಕೊಡುವುದು. ಮುಯ್ಯಿ ಬಟ್ಟೆಯಲ್ಲಿ, ರೊಕ್ಕದಲ್ಲಿ ಇದ್ದಂತೆ ರೆಟ್ಟೆಯಲ್ಲೂ ಇತ್ತು. ಮಠದ ಜಾತ್ರೆಗಳಲ್ಲಿ ಈ ಪದ್ಧತಿ ಇನ್ನೂ ಗಟ್ಟಿಯಾಗಿದೆ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ರೊಟ್ಟಿ ಹೇರಿಕೊಂಡು ಬಂಡಿ, ಟ್ರ್ಯಾಕ್ಟರುಗಳು ಬರುತ್ತವೆ. ಡಂಬಳದ ತೋಂಟದಾರ್ಯ ಮಠದ ಜಾತ್ರೆಗಂತೂ ರೊಟ್ಟಿ ಜಾತ್ರೆಯೆಂದೇ ಹೆಸರು. ಸಾವಿರಾರು ಮಂದಿಯ ಊಟವನ್ನು ಒಬ್ಬ ಅಡುಗೆಯವನೂ ಇಲ್ಲದೆ ಏರ್ಪಡಿಸುವ ವಿದ್ಯೆ ಈ ನಾಡಿನ ಹೆಂಗಸರಿಗೆ ಹೊಸದಲ್ಲ.

ಇದೆಲ್ಲ ಸಾಧ್ಯವಾಗಿರುವುದು ಕಡಕ ರೊಟ್ಟಿಯಿಂದ. ಮೆತ್ತನ್ನ ರೊಟ್ಟಿ ಸುಟ್ಟ ಹೊತ್ತಿಗೇ ತಿನ್ನಬೇಕು. ತೆಳ್ಳಗೆ ಬಡಿದು, ಸುಟ್ಟ ಮೇಲೆ ಒಲೆಯ ಸುತ್ತ ಒರಗಿಸಿಟ್ಟು ನೀರಿನಂಶವನ್ನೆಲ್ಲ ತೆಗೆದ ಕಡಕ ರೊಟ್ಟಿ ವಾರಗಟ್ಟಲೆ ಇರುತ್ತದೆ. ಮಾಡುವ ದಿನಕ್ಕೂ ತಿನ್ನುವ ದಿನಕ್ಕೂ ನಡುವೆ ಅಂತರ ಇಡಬಹುದಾದ ಅಡುಗೆಯನ್ನೇ ಮುಂಚಿತವಾಗಿ ಯೋಜಿಸಲು ಬರುವುದು, ಮಾರಲು ಬರುವುದು.

ಗಡಿಯಾರ ಈ ಸೀಮೆಗೆ ಬಂದದ್ದು ಗಿರಣಿಯ ಜೊತೆ. ಗೋಕಾಕ ಜಲಪಾತದ ನೆತ್ತಿಯ ಮೇಲೆ, ಘಟಪ್ರಭೆಯ ನೀರಿನ ಬಲದಲ್ಲಿ 1887ರಲ್ಲಿ ನೂಲಿನ ಗಿರಣಿ ಶುರುವಾಯಿತು. ಪಾಳಿಯ ಭೋಂಗಾ ಆದೊಡನೆ ಗೇಟಿನಲ್ಲಿರಬೇಕು. ಹೊತ್ತು ನೋಡಿ ಬುತ್ತಿ ಕಟ್ಟುತ್ತಿದ್ದ ಹೆಂಡತಿ, ತಾಯಿ ಈಗ ಭೋಂಗಾದಿಂದ ಹಿಂದಕ್ಕೆ ಲೆಕ್ಕ ಹಾಕಿ ಒಲೆ ಹೊತ್ತಿಸಬೇಕಾಯಿತು. ಪಾಳಿಯಲ್ಲಿ ದುಡಿಯುವವನಿಗೆ ಐದು ದಿನದ ಲಗ್ನಕ್ಕೆ ಐದು ದಿನ ರಜೆ ಎಲ್ಲಿಂದ ಬರಬೇಕು? ಲಗ್ನ ಕುಗ್ಗಿದ್ದನ್ನು ನಾವು ಮೊಬೈಲು, ವಾಟ್ಸ್ಆ್ಯಪುಗಳ ಲೆಕ್ಕಕ್ಕೆ ಹಾಕುತ್ತೇವೆ. ಅದಕ್ಕಿಂತ ಎಷ್ಟೋ ಮೊದಲು ಪಾಳಿ ಆ ಕೆಲಸ ಶುರು ಮಾಡಿತ್ತು ಎಂಬುದು ನನ್ನ ಅನಿಸಿಕೆ.

ಆಮೇಲೆ ಬಂದದ್ದು ನೀರು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ 1977ರಲ್ಲಿ ಮುಗಿದು ಕಾಲುವೆಗಳು ಉದ್ದವಾದಂತೆ ಕಬ್ಬು ಹಬ್ಬಿತು. ಕಬ್ಬು ಬಂದ ಹೊಲದಿಂದ ಜೋಳ ಹೊರಟಿತು. ಮನೆಯ ಹಗೇವಿನಲ್ಲಿ ಜೋಳವಿದ್ದಾಗ ಓಣಿಗೆ ಹಿಟ್ಟು ಹಂಚುವುದು ದೊಡ್ಡ ಮಾತಲ್ಲ. ಜೋಳವನ್ನೇ ಸಂತೆಯಿಂದ ತರುವಂತಾದಾಗ, ಅದೂ ಮಾಲದಂಡಿಯಂಥ ಒಳ್ಳೆಯ ಹಿಂಗಾರಿ ಬಿಳಿಜೋಳ ಮೂಡಲ ಸೀಮೆಯಿಂದ ಬರುವಂತಾದಾಗ, ಹಿಟ್ಟಿಗೂ ರೆಟ್ಟೆಗೂ ಬೆಲೆ ಹಚ್ಚಿ ನೋಡುವುದು ಶುರುವಾಯಿತು. ಲಗ್ನದ ಕಾಲವನ್ನೂ ಕಬ್ಬು ಹಿಡಿದುಕೊಂಡಿತು. ಸಂಕೇಶ್ವರದ ಹಿರಣ್ಯಕೇಶಿಯಂಥ ಕಾರ್ಖಾನೆಗಳು ಹಂಗಾಮು ನಡೆಸುವ ಚಳಿಗಾಲದಲ್ಲಿ ರೈತನ ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಕಬ್ಬಿನ ಗ್ಯಾಂಗು, ಟ್ರ್ಯಾಕ್ಟರು, ಕಾರ್ಖಾನೆ ಮುಂದಿನ ಸಾಲು, ಅದರಲ್ಲೇ ದಿನ ಹೋಗುತ್ತದೆ. ಬಿಲ್ಲು ಕೈಗೆ ಬರುವ ಬೇಸಿಗೆಗೆ ಲಗ್ನಗಳೆಲ್ಲ ಬಂದು ಗುಂಪಾದವು. ಅಕ್ಷಯ ತೃತೀಯಾ, ಅದೇ ದಿನದ ಬಸವ ಜಯಂತಿ, ಮುಹೂರ್ತ ಕೇಳಬೇಕಿಲ್ಲದ ದಿನ. ಅಂದು ಒಂದೇ ಊರಿನಲ್ಲಿ ಹತ್ತು ಹಂದರ.

ವಿದ್ಯುತ್ತಿನ ವಿಷಯದಲ್ಲಿ ಹುಕ್ಕೇರಿಯದು ಬೇರೆಯೇ ಕಥೆ. ಇಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ಬೆಳಕನ್ನು ಹಂಚುವುದೂ ಊರವರ ಸಂಘದ ಕೈಯಲ್ಲಿದ್ದ ತಾಲ್ಲೂಕು ದೇಶದಲ್ಲಿ ಬೆರಳೆಣಿಕೆ. ಹೆಣ್ಣುಮಕ್ಕಳ ಮಟ್ಟಿಗೆ ಕರೆಂಟೆಂದರೆ ಮೊದಲು ಹಿಟ್ಟಿನ ಗಿರಣಿ. ಬೀಸುವ ಕಲ್ಲು ಲಗ್ನದ ದಿನ ಪೂಜೆಗೆ ಮಾತ್ರ ಉಳಿಯಿತು. ಬೆಳಗಿನ ಜಾವದ ಎರಡು ತಾಸು ಕೈಗೆ ಸಿಕ್ಕಿತು. ಹಾಗೆ ಸಿಕ್ಕ ಸಮಯ ವಿಶ್ರಾಂತಿಗೆ ಹೋಗಲಿಲ್ಲ ಎಂಬುದನ್ನು ಯಾವ ತಾಯಿಯನ್ನು ಕೇಳಿದರೂ ಹೇಳುತ್ತಾಳೆ.

ಮುಯ್ಯಿಯ ರೊಟ್ಟಿ ಮಾರುವ ರೊಟ್ಟಿಯಾಗಲು ಇನ್ನೊಂದು ಬೇಕಿತ್ತು: ಹೆಂಗಸಿನ ಹೆಸರಿನಲ್ಲಿ ಒಂದಿಷ್ಟು ರೊಕ್ಕ ಮತ್ತು ಒಂದು ಲೆಕ್ಕದ ಪುಸ್ತಕ. ಮುಂಬಯಿಯ ಗಿರಗಾಂವದಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲದಲ್ಲಿ ಮಾಳಿಗೆಯ ಮೇಲೆ ಹಪ್ಪಳ ಒಣಹಾಕಿ ಲಿಜ್ಜತ್ ಕಟ್ಟಿದ್ದು 1959ರಲ್ಲೇ. ನಮ್ಮ ಹಳ್ಳಿಗಳಿಗೆ ಅಂಥ ದಾರಿ ತೆರೆದದ್ದು ತಡವಾಗಿ. ನಬಾರ್ಡ್ 1992ರಲ್ಲಿ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಿತು; ರಾಜ್ಯದಲ್ಲಿ 2000-01ರಲ್ಲಿ ಸ್ತ್ರೀಶಕ್ತಿ ಬಂತು. ವಾರಕ್ಕೊಮ್ಮೆ ಕೂಡಿ, ಹತ್ತಿಪ್ಪತ್ತು ರೂಪಾಯಿ ಉಳಿತಾಯ ಕಟ್ಟಿ, ನಡಾವಳಿ ಬರೆದು, ಸಾಲ ಕೊಟ್ಟು ವಸೂಲಿ ಮಾಡುವ ಈ ಸಂಘಗಳಿಂದ ಎಷ್ಟು ಬಡತನ ಹೋಯಿತೋ ಅರ್ಥಶಾಸ್ತ್ರಜ್ಞರು ಲೆಕ್ಕ ಮಾಡಲಿ. ತಾರೀಖು ಹಾಕಿ ಬರೆದಿಡುವ ಅಭ್ಯಾಸವಂತೂ ಅಡುಗೆಮನೆಗೆ ಬಂತು. ಮೊದಲ ಹಂಚು, ಮೊದಲ ಜೋಳದ ಚೀಲ ಬಂದದ್ದು ಸಂಘದ ಸಾಲದಿಂದ ಎನ್ನುವ ಮನೆಗಳು ಬೇಕಾದಷ್ಟಿವೆ.

ಇಂಥ ಮನೆಯ ಗೋಡೆಯ ಮೇಲೊಂದು ಕ್ಯಾಲೆಂಡರು ಇರುತ್ತದೆ. ಗಡಿಯ ಕಡೆಯಾದರೆ ಮರಾಠಿಯಲ್ಲಿ 1973ರಲ್ಲಿ ಶುರುವಾಗಿ ಕನ್ನಡದಲ್ಲೂ ಬರುವ ಕಾಲನಿರ್ಣಯ, ಇಲ್ಲವೆಂದರೆ ಗದುಗಿನ ಪಂಚಾಂಗ. ಮುಹೂರ್ತಗಳು ಅಚ್ಚಾಗಿಯೇ ಬಂದಿರುವುದರಿಂದ ಯಾವ ವಾರ ಕೈ ಮುರಿಯುವಷ್ಟು ಕೆಲಸ, ಯಾವ ವಾರ ಖಾಲಿ ಎಂದು ಯುಗಾದಿಗೇ ಗೊತ್ತಾಗುತ್ತದೆ. ಖಾನೆಯೊಳಗೆ ಬಾಲ್‌ಪೆನ್ನಿನಲ್ಲಿ ‘300 ಕ’ ಎಂದಿದ್ದರೆ ಕಡಕ, ‘ಮೆ’ ಎಂದಿದ್ದರೆ ಮೆತ್ತನ್ನವು. ಅದೇ ಖಾನೆಯ ಮೂಲೆಯಲ್ಲಿ ಹಾಲಿನ ಲೀಟರು, ಗ್ಯಾಸು ಹಚ್ಚಿದ ದಿನ, ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ. ಕೆಲಸ ಹಿಂದಿನಿಂದ ಮುಂದಕ್ಕೆ ಬರುತ್ತದೆ. ಲಗ್ನಕ್ಕೆ ವಾರ ಮೊದಲು ಶೇಂಗಾ, ಗುರೆಳ್ಳು, ಅಗಸಿ ಚಟ್ನಿ ಕುಟ್ಟಿ ಡಬ್ಬಿಗೆ. ಮೂರ್ನಾಲ್ಕು ದಿನ ಮೊದಲು ಕಡಕ ರೊಟ್ಟಿ. ಹಿಂದಿನ ದಿನ ಹೂರಣ ಅರೆದು ಹೋಳಿಗೆ. ಮೆತ್ತನ್ನ ರೊಟ್ಟಿಗೆ ಅಂದೇ ನಸುಕಿನಲ್ಲಿ ಇಬ್ಬರು ಮೂವರು ಹೆಂಗಸರನ್ನು ಕರೆಯಬೇಕು, ಅವರಿಗೆ ರೊಟ್ಟಿ ಲೆಕ್ಕದಲ್ಲಿ ಕೂಲಿ. ಜೋಳ ಹಳೆಯದಾದರೆ, ಹಿಟ್ಟು ಬೀಸಿಸಿ ಬಹಳ ದಿನವಾದರೆ ರೊಟ್ಟಿ ಅಂಚಿನಲ್ಲಿ ಸೀಳುತ್ತದೆ. ಆದ್ದರಿಂದ ಹಿಟ್ಟನ್ನು ಮೊದಲೇ ಮಾಡಿಟ್ಟುಕೊಳ್ಳುವ ಹಾಗಿಲ್ಲ. ಗಿರಣಿಗೆ ಕರೆಂಟಿರುವ ಹೊತ್ತು ನೋಡಿಕೊಂಡೇ ಆರ್ಡರು ಹಿಡಿಯಬೇಕು.

ಯಾದಿ ಬರೆದ ದಿನವೇ ಲಗ್ನ ಮುಗಿಸುವವರ ಫೋನು ಬರುವುದು ಈ ಮನೆಗೇ. ‘ಅಕ್ಕಾ, ನಾಳೆ ಮಧ್ಯಾಹ್ನಕ್ಕ ಐನೂರು ಬೇಕಿತ್ತಲ್ಲ.’ ಡಬ್ಬಿಯಲ್ಲಿ ಸ್ವಲ್ಪ ಕಡಕ ರೊಟ್ಟಿ ಇದ್ದೇ ಇರುತ್ತದೆ, ಉಳಿದದ್ದಕ್ಕೆ ಮೂರು ಓಣಿಯಾಚೆಯ ಇನ್ನೊಬ್ಬಾಕೆಗೆ ಫೋನು, ಆಕೆ ಇನ್ನೊಬ್ಬಾಕೆಗೆ. ಓಣಿಗೆ ಹಿಟ್ಟು ಹಂಚುತ್ತಿದ್ದ ಹಳೆಯ ಮುಯ್ಯಿಯೇ ಇಲ್ಲಿ ರೊಕ್ಕದ ರೂಪದಲ್ಲಿ ನಡೆದಿದೆ. ವ್ಯತ್ಯಾಸ ಇಷ್ಟೇ: ಅಂದು ರೊಟ್ಟಿ ಬಡಿದವಳು ಲಗ್ನದಲ್ಲಿ ಹಾಡು ಹಾಡಿ ಪಂಕ್ತಿಯಲ್ಲಿ ಉಣ್ಣುತ್ತಿದ್ದಳು, ಇಂದು ಬಡಿದವಳಿಗೆ ವಧುವಿನ ಹೆಸರೂ ತಿಳಿದಿರುವುದಿಲ್ಲ.

ಗೋಕಾಕಿನ ಕರದಂಟಿನದೂ ಇದೇ ಜಾಡು. ತುಪ್ಪದಲ್ಲಿ ಹುರಿದ ಅಂಟು, ಬೆಲ್ಲ, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ: ಹೆತ್ತ ಹೆಣ್ಣುಮಗಳ ನಡ ಗಟ್ಟಿಯಾಗಲೆಂದು ತವರಿನಲ್ಲಿ ಮಾಡಿಕೊಡುತ್ತಿದ್ದ ಅಂಟಿನುಂಡೆಯ ಬಳಗದ್ದು ಅದು. ಕೆಡದೆ ಉಳಿಯುತ್ತದೆಂಬ ಗುಣವೇ ಅದನ್ನು ಬಾಣಂತಿ ಕೋಣೆಯಿಂದ ಪೇಟೆಗೆ, ಪೇಟೆಯಿಂದ ಬೀಗರ ಬುತ್ತಿಗೆ ತಂದಿತು.

ಬೇಗ ಮುಗಿಯುವ ಮದುವೆಗೆ ಬೇರೆ ದಾರಿಗಳೂ ಈ ನಾಡಿನಲ್ಲಿ ತೆರೆದಿದ್ದವು. ಕುವೆಂಪು 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಮಂತ್ರಮಾಂಗಲ್ಯದಲ್ಲಿ ಮುಗಿಸಿದರು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ನಡೆದಿದೆ; ನಮ್ಮ ಕಡೆಯ ಮಠಗಳೂ ಜಾತ್ರೆಯ ಜೊತೆ ಅದನ್ನು ಸೇರಿಸಿಕೊಂಡವು. ಅವು ವಿಚಾರದಿಂದ, ದಾನದಿಂದ ಹುಟ್ಟಿದವು. ಯಾದಿಯ ಲಗ್ನ ಹುಟ್ಟಿದ್ದು ಖರ್ಚಿನ ಭಯ ಮತ್ತು ಪುರುಸೊತ್ತಿಲ್ಲದ ಬದುಕಿನಿಂದ, ಬಹುಶಃ ಅದಕ್ಕೇ ಯಾರ ಭಾಷಣವೂ ಇಲ್ಲದೆ ಹಬ್ಬಿತು. 2020ರಲ್ಲಿ ಕೊರೊನಾ ಬಂದು ಮದುವೆಗೆ 50 ಮಂದಿಯೆಂದು ಸರ್ಕಾರ ಗೆರೆ ಎಳೆದಾಗ ಅದಕ್ಕೊಂದು ಮರ್ಯಾದೆಯೂ ಸಿಕ್ಕಿತು. ‘ಸಾಲದಾಗ ಮುಳುಗಿ ಲಗ್ನ ಯಾಕ’ ಎಂಬ ಮಾತನ್ನು ಮೊದಲು ಬಡವ ಅಂದರೆ ಕೊರತೆ ಎನಿಸುತ್ತಿತ್ತು, ಈಗ ನಾಲ್ಕೆಕರೆ ಕಬ್ಬಿನವನೂ ಅನ್ನಬಹುದು.

ಅವಸರದಲ್ಲಿ ಬಿಟ್ಟುಹೋಗುವ ಸಂಗತಿಗಳೂ ಇವೆ. ಹಂದರಕ್ಕೆ ತಿಂಗಳು ಇದ್ದರೆ ಅಂಗನವಾಡಿ ಕಾರ್ಯಕರ್ತೆಯೋ ಮಾಸ್ತರೋ ಹುಡುಗಿಯ ವಯಸ್ಸು ಕೇಳಲು ಸಮಯವಿರುತ್ತದೆ. ಬೆಳಿಗ್ಗೆ ಗೊತ್ತಾಗಿ ಮಧ್ಯಾಹ್ನ ಮುಗಿದರೆ ಕೇಳುವವರು ಯಾರು? ಬಾಲ್ಯವಿವಾಹವನ್ನು ಮೊದಲಿನಿಂದಲೇ ಅಸಿಂಧುವೆನ್ನುವ ತಿದ್ದುಪಡಿ ಕರ್ನಾಟಕದಲ್ಲಿ 2017ರಿಂದ ಇದೆ, ಆದರೆ ಕಾನೂನು ಬರುವ ಹೊತ್ತಿಗೆ ಜೀಪು ಹೊರಟಿರುತ್ತದೆ. ನೋಂದಣಿಗೂ ಯಾದಿಯಲ್ಲಿ ಜಾಗವಿರುವುದು ಕಡಿಮೆ. ರಾಜ್ಯದಲ್ಲಿ 1976ರ ಕಾಯ್ದೆಯಿದೆ, 2024ರಿಂದ ಹಿಂದೂ ವಿವಾಹಗಳಿಗೆ ಆನ್‌ಲೈನ್ ಸೌಲಭ್ಯವೂ ಇದೆ. ಬಂಗಾರದ ತೊಲೆಯನ್ನು ಅಷ್ಟು ಕಟ್ಟುನಿಟ್ಟಾಗಿ ಬರೆಯುವ ಹಿರಿಯರು ‘ಹದಿನೆಂಟು ತುಂಬಿದ ದಾಖಲೆ, ನೋಂದಣಿ’ ಎಂದು ಒಂದು ಸಾಲು ಹೆಚ್ಚಿಗೆ ಬರೆದರೆ ಶಾಯಿ ಮುಗಿದುಹೋಗುವುದಿಲ್ಲ.

ರೊಟ್ಟಿಯ ಕಡೆಗೆ ಸರ್ಕಾರದ ಕಣ್ಣು ಬಿದ್ದಿರುವುದು ಇತ್ತೀಚೆಗೆ. ಕಿರು ಆಹಾರ ಉದ್ದಿಮೆಗಳಿಗಾಗಿ 2020ರಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ಯಂತ್ರಕ್ಕೆ ಶೇ 35ರಷ್ಟು, ಹೆಚ್ಚೆಂದರೆ 10 ಲಕ್ಷದವರೆಗೆ ಸಹಾಯಧನವಿದೆ. ರೊಟ್ಟಿ ಯಂತ್ರಗಳು ಗೋಕಾಕ, ಮೂಡಲಗಿಯ ಪೇಟೆಗೂ ಬಂದಿವೆ. 2018ರಲ್ಲಷ್ಟೇ ತಾಲ್ಲೂಕಾದ ಮೂಡಲಗಿಯಲ್ಲಿ ಕಚೇರಿ, ಕಲ್ಯಾಣ ಮಂಟಪ, ಖಾನಾವಳಿ ಹೆಚ್ಚಿದಂತೆ ದಿನನಿತ್ಯದ ಗಿರಾಕಿಯೂ ಹೆಚ್ಚಿದೆ. ಯಂತ್ರದ ರೊಟ್ಟಿ ಎಲ್ಲ ಒಂದೇ ಅಳತೆ, ಒಂದೇ ದಪ್ಪ. ಬೀಗರು ಅದನ್ನು ಮುರಿದ ಸದ್ದಿನಲ್ಲೇ ಗುರುತಿಸುತ್ತಾರೆ, ಹಾಗೆಂದು ಬಿಡುವುದೂ ಇಲ್ಲ.

ಕೊನೆಗೆ ರೊಕ್ಕದ ಮಾತು. ಕಬ್ಬು ಪೂರೈಸಿದ 14 ದಿನದೊಳಗೆ ರೈತನಿಗೆ ಹಣ ಸಲ್ಲಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಿಲ್ಲು ತಡವಾದರೆ ರೈತರು ರಸ್ತೆಗಿಳಿಯುತ್ತಾರೆ, ಪತ್ರಿಕೆಯಲ್ಲಿ ಬರುತ್ತದೆ. ಬಿಲ್ಲು ಬಂದಿಲ್ಲವೆಂದು ಲಗ್ನದ ಯಜಮಾನ ಅಡುಗೆ ಗುತ್ತಿಗೆದಾರನಿಗೆ ಹೇಳುತ್ತಾನೆ, ಅವನು ರೊಟ್ಟಿಯ ಅಕ್ಕನಿಗೆ ಹೇಳುತ್ತಾನೆ, ಅಕ್ಕ ಜೋಳದ ಅಂಗಡಿಯವನಿಗೆ ಹೇಳಲು ಹೋದರೆ ಅವನು ಕೇಳುವುದಿಲ್ಲ. ಆದ್ದರಿಂದ ಈಚೆಗೆ ಅಕ್ಕಂದಿರು ಅರ್ಧ ರೊಕ್ಕ ಮೊದಲೇ ಫೋನಿಗೆ ಹಾಕಿಸಿಕೊಂಡು, ಅದು ಬಂದ ಸದ್ದು ಕೇಳಿದ ಮೇಲೆ ಹಿಟ್ಟಿಗೆ ಎಸರು ಸುರುವುತ್ತಾರೆ. ಉಳಿದರ್ಧ ಬುಟ್ಟಿ ಎತ್ತುವಾಗ.